ಹೆರಿಗೆಯ ಹೊತ್ತಿನ ತಾಯಿಯ ರಕ್ತ: ಮಕ್ಕಳ ದೀರ್ಘಕಾಲೀನ ಹೆಪಟೈಟಿಸ್ ಬಿ ಮತ್ತು ತೈವಾನಿನ ಪ್ರಕರಣ

1970ರ ದಶಕದ ತೈವಾನಿನಲ್ಲಿ ನೂರು ಮಂದಿ ವಯಸ್ಕರ ರಕ್ತ ಪರೀಕ್ಷೆ ಮಾಡಿದ್ದರೆ, ಅವರಲ್ಲಿ 15ರಿಂದ 20 ಮಂದಿಗೆ ಹೆಪಟೈಟಿಸ್ ಬಿ ವೈರಸ್ಸಿನ ಮೇಲ್ಮೈ ಆಂಟಿಜೆನ್, ಅಂದರೆ ವೈರಸ್ಸಿನ ಹೊರಮೈಯ ಪ್ರೋಟೀನು, ಇರುವುದು ಗೊತ್ತಾಗುತ್ತಿತ್ತು. ನಮ್ಮ ಲ್ಯಾಬ್ ಚೀಟಿಗಳಲ್ಲಿ ‘ಎಚ್‌ಬಿಎಸ್‌ಎಜಿ’ ಎಂದು ಬರೆಯುವುದು ಇದನ್ನೇ. ಈ ಹದಿನೈದಿಪ್ಪತ್ತು ಮಂದಿಯಲ್ಲಿ ಹೆಚ್ಚಿನವರಿಗೆ ತಮ್ಮೊಳಗೆ ವೈರಸ್ ಇದೆ ಎಂಬ ಸುಳಿವೇ ಇರಲಿಲ್ಲ. ಕಣ್ಣು ಹಳದಿಯಾಗಿರಲಿಲ್ಲ, ಹೊಟ್ಟೆನೋವಿರಲಿಲ್ಲ, ಎಲ್ಲರಂತೆ ದುಡಿದು ಉಣ್ಣುತ್ತಿದ್ದರು. ನಲವತ್ತು, ಐವತ್ತರ ವಯಸ್ಸಿಗೆ ಬಂದಾಗ ಅವರಲ್ಲಿ ಕೆಲವರ ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಕೆಲವರ ಯಕೃತ್ತಿನಲ್ಲಿ ಗಡ್ಡೆ ಕಾಣಿಸಿಕೊಳ್ಳುತ್ತಿತ್ತು. ಅಮೆರಿಕದಿಂದ ಬಂದು ತೈಪೆಯಲ್ಲಿ ಕೆಲಸ ಮಾಡುತ್ತಿದ್ದ ಸಾಂಕ್ರಾಮಿಕ ರೋಗ ತಜ್ಞ ಪಾಮರ್ ಬೀಸ್ಲಿ ಮತ್ತು ಅವರ ಸಂಗಡಿಗರು 22,707 ಮಂದಿ ಸರ್ಕಾರಿ ನೌಕರರನ್ನು ವರ್ಷಗಟ್ಟಲೆ ಹಿಂಬಾಲಿಸಿ 1981ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆ ಗುಂಪಿನಲ್ಲಿ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡ 41 ಮಂದಿಯಲ್ಲಿ 40 ಮಂದಿ ಈ ವೈರಸ್ಸಿನ ವಾಹಕರಾಗಿದ್ದರು.

ಆದರೆ ವಯಸ್ಕನೊಬ್ಬನಿಗೆ ಹೊಸದಾಗಿ ಹೆಪಟೈಟಿಸ್ ಬಿ ತಗುಲಿದರೆ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಸಲ ದೇಹವೇ ಅದನ್ನು ಹೊರಗೆ ಹಾಕುತ್ತದೆ. ಒಂದೆರಡು ತಿಂಗಳು ಕಾಮಾಲೆ, ಸುಸ್ತು, ಊಟ ಸೇರದಿರುವುದು, ಆಮೇಲೆ ಜೀವಮಾನದ ರಕ್ಷಣೆ. ಹಾಗಿದ್ದರೆ ಇಷ್ಟೊಂದು ಜನರ ಮೈಯಲ್ಲಿ ವೈರಸ್ ಬೇರುಬಿಟ್ಟದ್ದು ಯಾವಾಗ? ಉತ್ತರ ವಯಸ್ಸಿನಲ್ಲಿತ್ತು. ಹುಟ್ಟಿದ ಹೊಸತರಲ್ಲಿ ಸೋಂಕು ತಗುಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಲ್ಲಿ ಅದು ದೀರ್ಘಕಾಲ ಉಳಿದುಬಿಡುತ್ತದೆ. ಒಂದರಿಂದ ಐದು ವರ್ಷದೊಳಗೆ ತಗುಲಿದರೆ ಸುಮಾರು ಮೂರರಲ್ಲಿ ಒಬ್ಬರಲ್ಲಿ ಉಳಿಯುತ್ತದೆ. ಐವತ್ತರ ಗಂಡಸಿನ ಕ್ಯಾನ್ಸರಿನ ಮೂಲ ಐವತ್ತು ವರ್ಷ ಹಿಂದಿನ ಹೆರಿಗೆಯ ಕೋಣೆಯಲ್ಲಿತ್ತು.

ಮಕ್ಕಳ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನಾನು ದೂರದ ದ್ವೀಪವೊಂದರ ಈ ಪ್ರಕರಣವನ್ನು ಆರಿಸಿಕೊಳ್ಳಲು ಕಾರಣವಿದೆ. ಶಾಲೆಗೆ ಹೋಗುವ, ಆಟವಾಡುವ, ನೋಡಲು ಏನೂ ತೊಂದರೆಯಿಲ್ಲದ ಮಗುವಿನ ರಕ್ತದಲ್ಲಿ ಹೆಪಟೈಟಿಸ್ ಬಿ ಸಿಕ್ಕಿದಾಗ ತಾಯಂದಿರು ಕೇಳುವ ಪ್ರಶ್ನೆ ಬಹುತೇಕ ಒಂದೇ: “ಇದು ನನ್ನಿಂದಲೇ ಬಂತಾ ಡಾಕ್ಟ್ರೇ?” ಹೌದು ಎಂದರೆ ಆ ತಾಯಿ ಕುಸಿದು ಹೋಗುತ್ತಾಳೆ, ಅಲ್ಲ ಎಂದರೆ ಹೆಚ್ಚಿನ ಸಲ ಸುಳ್ಳಾಗುತ್ತದೆ. ಆ ಪ್ರಶ್ನೆಗೆ ಪ್ರಾಮಾಣಿಕವಾದ, ಪೂರ್ತಿ ಉತ್ತರ ಕೊಡಬೇಕಾದರೆ ತಾಯಿಯ ರಕ್ತದಲ್ಲಿ ವೈರಸ್ ಇತ್ತೇ ಎಂಬುದಷ್ಟೇ ಸಾಲದು. ಹೆರಿಗೆಯ ಹೊತ್ತಿಗೆ ಅದು ಯಾವ ಸ್ಥಿತಿಯಲ್ಲಿತ್ತು, ಆ ಸ್ಥಿತಿ ಮಗುವಿನ ಮೈಯಲ್ಲಿ ಏನು ಮಾಡಿತು, ಆ ಮಾಹಿತಿ ಹೆರಿಗೆ ಮಾಡಿಸಿದವರ ಕೈಗೆ ಸಕಾಲದಲ್ಲಿ ತಲುಪಿತ್ತೇ ಎಂಬ ಮೂರನ್ನೂ ನೋಡಬೇಕು. ಈ ಮೂರನ್ನೂ ಒಂದು ಇಡೀ ದೇಶದ ಮಟ್ಟದಲ್ಲಿ, ನಾಲ್ಕು ದಶಕಕ್ಕೂ ಹೆಚ್ಚು ಕಾಲ ಬಿಡದೆ ದಾಖಲಿಸಿದ್ದು ತೈವಾನ್.

ಮೊದಲ ಎಳೆ 1975ರಲ್ಲಿ ಸಿಕ್ಕಿತು. ಕ್ಲ್ಯಾಡ್ ಸ್ಟೀವನ್ಸ್, ಬೀಸ್ಲಿ ಮತ್ತು ತೈವಾನಿನ ಅವರ ಸಹೋದ್ಯೋಗಿಗಳು ಯಾವ ರೋಗಲಕ್ಷಣವೂ ಇಲ್ಲದ 158 ಮಂದಿ ವಾಹಕ ತಾಯಂದಿರಿಗೆ ಹುಟ್ಟಿದ ಶಿಶುಗಳನ್ನು ತಿಂಗಳು ತಿಂಗಳು ನೋಡುತ್ತ ಹೋದರು. ಆರು ತಿಂಗಳೊಳಗೆ 63 ಶಿಶುಗಳ ರಕ್ತದಲ್ಲಿ ಆಂಟಿಜೆನ್ ಕಾಣಿಸಿಕೊಂಡಿತು. ನೂರಕ್ಕೆ ನಲವತ್ತು! ಅಲ್ಲಿಯ ತನಕ ಪಾಶ್ಚಾತ್ಯ ದೇಶಗಳಲ್ಲಿ ತಾಯಿಯಿಂದ ಮಗುವಿಗೆ ಈ ಸೋಂಕು ಹೋಗುವುದು ಅಪರೂಪವೆಂದೇ ನಂಬಿದ್ದರು. ನನ್ನ ಮಟ್ಟಿಗೆ ಈ ಅಂಕಿಗಿಂತ ಮುಖ್ಯವಾದದ್ದು ಅದರೊಳಗೆ ಅಡಗಿದ್ದ ಕಾಲದ ಲೆಕ್ಕ. ಹೆಚ್ಚಿನ ಶಿಶುಗಳಲ್ಲಿ ಆಂಟಿಜೆನ್ ಕಂಡದ್ದು ಹುಟ್ಟಿದ ದಿನವಲ್ಲ, ವಾರಗಳು ಕಳೆದ ಮೇಲೆ. ಅಂದರೆ ಬಹುಪಾಲು ಮಕ್ಕಳಿಗೆ ಸೋಂಕು ಗರ್ಭದೊಳಗೆ ತಿಂಗಳುಗಟ್ಟಲೆ ಮೊದಲೇ ಆಗಿರಲಿಲ್ಲ. ಹೆರಿಗೆ ನೋವಿನ ಸಮಯದಲ್ಲಿ ತಾಯಿಯ ರಕ್ತ ಜರಾಯುವಿನ ಮೂಲಕ ಒಂದಿಷ್ಟು ಸೋರಿ, ಹೊರಗೆ ಬರುವಾಗ ಮಗುವಿನ ಬಾಯಿ, ಕಣ್ಣು, ಗೀರು ಬಿದ್ದ ಚರ್ಮಕ್ಕೆ ತಾಯಿಯ ರಕ್ತ, ಸ್ರಾವ ತಗುಲಿ ಆಗಿತ್ತು. ವೈರಸ್ ಮಗುವಿನ ಯಕೃತ್ತನ್ನು ಸೇರಿ ನೆಲೆಯೂರುವ ಮುನ್ನ ಕೆಲವು ಗಂಟೆಗಳ ಬಿಡುವು ಉಳಿದಿತ್ತು. ಮುಂದಿನ ಎಲ್ಲ ಕೆಲಸ ನಿಂತದ್ದು ಈ ಬಿಡುವಿನ ಮೇಲೆ.

ಅದೇ ವರ್ಷ ಅದೇ ತಂಡ ಇನ್ನೊಂದು ವಿಷಯವನ್ನೂ ಪ್ರಕಟಿಸಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಎದೆಹಾಲು ಕುಡಿದ ಮಕ್ಕಳಿಗೂ ಬಾಟಲಿ ಹಾಲು ಕುಡಿದ ಮಕ್ಕಳಿಗೂ ಸೋಂಕು ತಗುಲಿದ ಪ್ರಮಾಣದಲ್ಲಿ ಗಮನಿಸುವಷ್ಟು ವ್ಯತ್ಯಾಸವಿರಲಿಲ್ಲ. ಲಸಿಕೆಯೇ ಇಲ್ಲದ ಕಾಲದ ಮಾತಿದು. ಅರ್ಧ ಶತಮಾನ ಕಳೆದರೂ, ‘ಪಾಸಿಟಿವ್’ ಎಂಬ ಒಂದು ಪದ ಕೇಳಿದ ಕೂಡಲೆ ಬಾಣಂತಿಯ ಎದೆಹಾಲು ಬಿಡಿಸಲು ಹೊರಡುವ ಹಿರಿಯರು ನಮ್ಮ ಮನೆಗಳಲ್ಲಿ ಇಂದಿಗೂ ಇದ್ದಾರೆ. ಮಗುವಿಗೆ ಹುಟ್ಟಿದ ಕೂಡಲೆ ಕೊಡಬೇಕಾದ್ದನ್ನು ಕೊಟ್ಟಿದ್ದರೆ ಹಾಲುಣಿಸಲು ಯಾವ ಅಡ್ಡಿಯೂ ಇಲ್ಲ.

ವಾಹಕ ತಾಯಂದಿರೆಲ್ಲರ ಮಕ್ಕಳಿಗೂ ಸೋಂಕು ಬರಲಿಲ್ಲ ಎಂಬುದೇ ಎರಡನೆಯ ಎಳೆ. ನೂರರಲ್ಲಿ ಅರವತ್ತು ಮಕ್ಕಳು ಪಾರಾದರು, ನಲವತ್ತು ಮಕ್ಕಳು ಸಿಕ್ಕಿಬಿದ್ದರು, ವ್ಯತ್ಯಾಸ ಎಲ್ಲಿತ್ತು? ಸ್ವೀಡನ್ನಿನ ಲಾರ್ಸ್ ಮ್ಯಾಗ್ನಿಯಸ್ 1972ರಲ್ಲಿ ಕೆಲವು ವಾಹಕರ ರಕ್ತದಲ್ಲಿ ಮಾತ್ರ ಸಿಗುವ ಇನ್ನೊಂದು ಆಂಟಿಜೆನ್ ಅನ್ನು ಗುರುತಿಸಿದ್ದರು. ಅದಕ್ಕೆ ‘ಇ-ಆಂಟಿಜೆನ್’ ಎಂಬ ಹೆಸರು ಬಿತ್ತು. 1976ರಲ್ಲಿ ಜಪಾನಿನ ಒಕಾಡಾ ಮತ್ತು ಸಂಗಡಿಗರು, ಮರುವರ್ಷ ತೈವಾನಿನ ಮಾದರಿಗಳನ್ನಿಟ್ಟುಕೊಂಡು ಬೀಸ್ಲಿ ತಂಡ, ತಾಯಂದಿರನ್ನು ಈ ಗುರುತಿನ ಆಧಾರದ ಮೇಲೆ ಎರಡಾಗಿ ವಿಂಗಡಿಸಿ ನೋಡಿದರು. ಇ-ಆಂಟಿಜೆನ್ ಇರುವ ತಾಯಂದಿರ ಮಕ್ಕಳಲ್ಲಿ ಬಹುತೇಕರಿಗೆ ಸೋಂಕು ತಗುಲಿತ್ತು, ಇಲ್ಲದವರ ಮಕ್ಕಳಲ್ಲಿ ಬಹಳ ಕಡಿಮೆ. ಯಾವ ರಕ್ಷಣೆಯನ್ನೂ ಕೊಡದಿದ್ದರೆ ಇ-ಪಾಸಿಟಿವ್ ತಾಯಂದಿರ ನೂರು ಮಕ್ಕಳಲ್ಲಿ 70ರಿಂದ 90 ಮಕ್ಕಳಿಗೆ, ಇ-ನೆಗೆಟಿವ್ ತಾಯಂದಿರ ನೂರು ಮಕ್ಕಳಲ್ಲಿ 10ರಿಂದ 40 ಮಕ್ಕಳಿಗೆ ಸೋಂಕು ದಾಟುತ್ತದೆ ಎಂಬುದು ಈಗ ಎಲ್ಲೆಡೆ ಒಪ್ಪಿತವಾದ ಅಂದಾಜು.

ಇ-ಆಂಟಿಜೆನ್ ಇದೆ ಎಂದರೆ ವೈರಸ್ ಆ ಮೈಯಲ್ಲಿ ಹುಲುಸಾಗಿ ಬೆಳೆಯುತ್ತಿದೆ ಎಂದು ಸ್ಥೂಲವಾಗಿ ತಿಳಿಯಬಹುದು. ಅಂಥ ತಾಯಿಯ ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್ ಕಣಗಳ ಎಣಿಕೆ ಹತ್ತು ಕೋಟಿಯನ್ನು ಮೀರುವುದುಂಟು. ಇ-ಆಂಟಿಜೆನ್ ಹೋಗಿ ಅದರ ವಿರುದ್ಧ ದೇಹ ತಯಾರಿಸುವ ರಕ್ಷಕ ಪ್ರೋಟೀನು, ಅಂದರೆ ಪ್ರತಿಕಾಯ, ಬಂದ ತಾಯಿಯಲ್ಲಿ ಸಾಮಾನ್ಯವಾಗಿ ಎಣಿಕೆ ಸಾವಿರಗಳಿಗೆ ಇಳಿದಿರುತ್ತದೆ. ಹೆರಿಗೆಯಲ್ಲಿ ಮಗುವಿಗೆ ತಗುಲುವುದು ಅದೇ ಒಂದು ಹನಿ ರಕ್ತ. ಆದರೆ ಮೊದಲಿನ ಹನಿಗೂ ಎರಡನೆಯ ಹನಿಗೂ ಅಜಗಜಾಂತರ. ಪೂರ್ವ ಏಷ್ಯಾದಲ್ಲಿ ಹೆರುವ ವಯಸ್ಸಿನ ವಾಹಕ ಹೆಂಗಸರಲ್ಲಿ ಇ-ಆಂಟಿಜೆನ್ ಇರುವವರು ಹೆಚ್ಚು, ತೈವಾನಿನಲ್ಲಿ ಅಂದು ಹತ್ತಿರಹತ್ತಿರ ಅರ್ಧದಷ್ಟು. ಆಫ್ರಿಕಾದ ಬಹುಭಾಗಗಳಲ್ಲಿ ಆ ವಯಸ್ಸಿಗೆ ಬರುವಷ್ಟರಲ್ಲಿ ಇ-ಆಂಟಿಜೆನ್ ಹೋಗಿರುತ್ತದೆ; ಅಲ್ಲಿ ಮಕ್ಕಳು ಸೋಂಕು ಪಡೆಯುವುದು ಹೆಚ್ಚಾಗಿ ಹೆರಿಗೆಯ ನಂತರ, ಮನೆಯ ಮತ್ತು ಓರಗೆಯ ಮಕ್ಕಳಿಂದ. ಒಂದೇ ವೈರಸ್ ಎರಡು ಖಂಡಗಳಲ್ಲಿ ಎರಡು ದಾರಿ ಹಿಡಿದದ್ದಕ್ಕೆ ತಾಯಂದಿರ ಸೋಂಕಿನ ಸ್ಥಿತಿ ಒಂದು ಮುಖ್ಯ ಕಾರಣ.

ಇಲ್ಲಿಯವರೆಗಿನದು ಸೋಂಕು ದಾಟುತ್ತದೆಯೋ ಇಲ್ಲವೋ ಎಂಬ ಮಾತಾಯಿತು. ದಾಟಿದ ಮೇಲೆ ಮಗುವಿನ ಮೈಯಲ್ಲಿ ರೋಗ ಹಿಡಿಯುವ ಹಾದಿಯನ್ನೂ ತಾಯಿಯ ಸ್ಥಿತಿಯೇ ತಿದ್ದುತ್ತದೆ ಎಂಬುದು ಈ ಪ್ರಕರಣದ ಅತ್ಯಂತ ಸೂಕ್ಷ್ಮವಾದ ಭಾಗ. ವೈದ್ಯಕೀಯ ಪುಸ್ತಕಗಳು ಅದನ್ನು ಎರಡು ಸಾಲಿನಲ್ಲಿ ಮುಗಿಸಿಬಿಡುವುದು ನನಗೆ ಸರಿಕಾಣುವುದಿಲ್ಲ.

ವೈರಸ್ಸಿನ ಪೂರ್ತಿ ಕಣ ಜರಾಯುವನ್ನು ಸುಲಭವಾಗಿ ದಾಟಲಾರದು. ಇ-ಆಂಟಿಜೆನ್ ಎಂಬುದು ಚಿಕ್ಕದೊಂದು ಪ್ರೋಟೀನು. ವೈರಸ್ಸಿಗೆ ತನ್ನ ಮೈ ಕಟ್ಟಿಕೊಳ್ಳಲು ಅದರ ಅಗತ್ಯವಿಲ್ಲ, ಅದು ರಕ್ತದಲ್ಲಿ ಬಿಡಿಯಾಗಿ ತೇಲಿಕೊಂಡಿರುತ್ತದೆ, ಜರಾಯುವನ್ನು ದಾಟಿ ಭ್ರೂಣದ ರಕ್ತವನ್ನೂ ಸೇರಬಲ್ಲದು. ಭ್ರೂಣದ ರೋಗನಿರೋಧಕ ವ್ಯವಸ್ಥೆ ತನ್ನದು ಯಾವುದು, ಪರಕೀಯ ಯಾವುದು ಎಂದು ಕಲಿಯುತ್ತಿರುವ ಕಾಲವದು. ಆ ಪಾಠದ ನಡುವೆ ಇ-ಆಂಟಿಜೆನ್ ಬಂದು ಕೂತರೆ ಅದನ್ನೂ ಮನೆಯವರ ಪೈಕಿ ಎಂದೇ ಎಣಿಸಿಕೊಂಡುಬಿಡುವ ಸಾಧ್ಯತೆ ಇದೆ. ಇಲಿಗಳ ಮೇಲಿನ ಪ್ರಯೋಗಗಳು ಈ ವಿವರಣೆಗೆ ಒತ್ತಾಸೆ ಕೊಟ್ಟಿವೆ. ಹುಟ್ಟಿದ ಮೇಲೆ ವೈರಸ್ ಬಂದು ಯಕೃತ್ತಿನ ಜೀವಕೋಶಗಳನ್ನು ಹೊಕ್ಕಾಗ ಮಗುವಿನ ದೇಹ ಅದರ ಮೇಲೆ ಎರಗುವುದಿಲ್ಲ. ಯಕೃತ್ತು ಕೆಡಲು ಮುಖ್ಯ ಕಾರಣ ವೈರಸ್ಸಿಗಿಂತ ಹೆಚ್ಚಾಗಿ ಅದರ ಮೇಲೆ ದೇಹ ನಡೆಸುವ ದಾಳಿ. ದಾಳಿಯೇ ಇಲ್ಲದ್ದರಿಂದ ಮಗುವಿಗೆ ಕಾಮಾಲೆ ಬರುವುದಿಲ್ಲ, ಯಕೃತ್ತಿನ ಎನ್‌ಜೈಮುಗಳು ಏರುವುದಿಲ್ಲ, ತೂಕ ಚೆನ್ನಾಗಿಯೇ ಹೆಚ್ಚುತ್ತದೆ. ರಕ್ತದಲ್ಲಿ ಮಾತ್ರ ಕೋಟಿಗಟ್ಟಲೆ ವೈರಸ್. ಇದನ್ನು ರೋಗನಿರೋಧಕ ಸಹಿಷ್ಣುತೆಯ ಹಂತ ಎನ್ನುತ್ತಾರೆ.

ಈ ಹಂತ ಎಷ್ಟು ಕಾಲ ಎಳೆಯುತ್ತದೆ ಎಂಬುದರಲ್ಲೂ ತಾಯಿಯ ನೆರಳಿದೆ. ತೈಪೆಯ ಮಕ್ಕಳ ತಜ್ಞೆ ಚಾಂಗ್ ಮೇ-ಹ್ವೇ ಮತ್ತು ಸಹೋದ್ಯೋಗಿಗಳು ವಾಹಕ ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷದೊಳಗಿನ ಮಕ್ಕಳಲ್ಲಿ ವರ್ಷಕ್ಕೆ ನೂರರಲ್ಲಿ ಇಬ್ಬರಿಗೂ ಇ-ಆಂಟಿಜೆನ್ ಹೋಗುತ್ತಿರಲಿಲ್ಲ. ಮೂರು ವರ್ಷ ದಾಟಿದವರಲ್ಲಿ ವರ್ಷಕ್ಕೆ ನಾಲ್ಕೈದು ಮಕ್ಕಳಲ್ಲಿ ಹೋಗುತ್ತಿತ್ತು. ತಾಯಿಯೂ ವಾಹಕಳಾಗಿದ್ದ ಮಕ್ಕಳಲ್ಲಿ ಈ ಬದಲಾವಣೆ, ತಾಯಿ ವಾಹಕಳಲ್ಲದ ಮಕ್ಕಳಿಗಿಂತ ನಿಧಾನವಾಗಿತ್ತು. ತಾಯಿಯಿಂದ ಬಂದ ಸೋಂಕು ತಂದೆಯಿಂದಲೋ ಅಣ್ಣನಿಂದಲೋ ಆಮೇಲೆ ಬಂದ ಸೋಂಕಿಗಿಂತ ಹೆಚ್ಚು ಹಟಮಾರಿ ಎಂದಾಯಿತು. ಇದರ ಪರಿಣಾಮ ಮುಂದಿನ ಪೀಳಿಗೆಗೂ ಹರಿಯುತ್ತದೆ: ಹೀಗೆ ಸೋಂಕು ಪಡೆದ ಹೆಣ್ಣುಮಗು ಇಪ್ಪತ್ತು, ಇಪ್ಪತ್ತೈದರ ವಯಸ್ಸಿಗೆ ಬಸುರಿಯಾದಾಗ ಅವಳಲ್ಲಿ ಇನ್ನೂ ಇ-ಆಂಟಿಜೆನ್ ಉಳಿದಿರುವ ಸಂಭವ ಹೆಚ್ಚು. ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಈ ವೈರಸ್ ಇಳಿದುಬರುವ ಸರಪಳಿ ಇದೇ.

ಹಾಗಾದರೆ ಇ-ನೆಗೆಟಿವ್ ತಾಯಂದಿರ ಮಕ್ಕಳು ಸುರಕ್ಷಿತರೇ? ಹೆಚ್ಚಿನವರು ಹೌದು. ಆದರೆ ಅವರಲ್ಲೇ ಇನ್ನೊಂದು ಬಗೆಯ ಅಪಾಯ ಅಡಗಿದೆ. ಅದನ್ನು ಎತ್ತಿ ತೋರಿಸಿದವರು ತೈವಾನ್ ಮತ್ತು ಜಪಾನಿನ ವೈದ್ಯರು. ಎರಡು ಮೂರು ತಿಂಗಳು ಆರೋಗ್ಯವಾಗಿದ್ದ ಹಸುಳೆ ಇದ್ದಕ್ಕಿದ್ದಂತೆ ಹಾಲು ಬಿಡುತ್ತದೆ, ಕಣ್ಣು ಹಳದಿಗೆ ತಿರುಗುತ್ತದೆ, ರಕ್ತ ಹೆಪ್ಪುಗಟ್ಟುವ ಶಕ್ತಿ ಕಳೆದುಕೊಳ್ಳುತ್ತದೆ, ಮಂಪರು ಕವಿಯುತ್ತದೆ. ಯಕೃತ್ತು ದಿನಗಳ ಲೆಕ್ಕದಲ್ಲಿ ವಿಫಲವಾಗುವ ಈ ತೀವ್ರ ಕಾಯಿಲೆಗೆ ತುತ್ತಾದ ಎಳೆಯ ಶಿಶುಗಳ ತಾಯಂದಿರನ್ನು ಪರೀಕ್ಷಿಸಿದಾಗ ಅವರಲ್ಲಿ ಅನೇಕರು ವಾಹಕರಾಗಿದ್ದೂ ಇ-ಆಂಟಿಜೆನ್ ಇಲ್ಲದವರಾಗಿದ್ದರು. ಮೇಲಿನ ವಿವರಣೆಯನ್ನು ತಿರುಗಿಸಿ ಹಿಡಿದರೆ ಇದು ಅರ್ಥವಾಗುತ್ತದೆ. ಗರ್ಭದಲ್ಲಿ ಇ-ಆಂಟಿಜೆನ್ನಿನ ಪರಿಚಯವೇ ಆಗದ ಮಗುವಿಗೆ ವೈರಸ್ ಪೂರ್ತಿ ಪರಕೀಯ. ಕಂಡ ಕೂಡಲೆ ದೇಹ ಮೈಯೆಲ್ಲ ಬಲ ಹಾಕಿ ದಾಳಿ ಮಾಡುತ್ತದೆ, ಆ ದಾಳಿಯಲ್ಲಿ ಯಕೃತ್ತೇ ಸುಟ್ಟುಹೋಗುತ್ತದೆ. ಇ-ಆಂಟಿಜೆನ್ ತಯಾರಿಸದಂತೆ ರೂಪಾಂತರಗೊಂಡ ವೈರಸ್ಸಿನ ತಳಿ ತಾಯಿಯಲ್ಲಿದ್ದರೂ ಇದೇ ಆಗಬಹುದು. ಇಂಥ ಪ್ರಕರಣಗಳು ವಿರಳ. ಆದರೂ ‘ಇ-ನೆಗೆಟಿವ್, ಚಿಂತೆಯಿಲ್ಲ’ ಎಂದು ಚೀಟಿ ಮಡಿಚಿಡುವ ವೈದ್ಯರು ಈ ಮಕ್ಕಳನ್ನು ನೆನೆಯಬೇಕು. ಆ ಮಗುವಿಗೂ ಹುಟ್ಟಿದ ದಿನದ ಲಸಿಕೆ ಅಷ್ಟೇ ತುರ್ತಿನದು.

ಈಗ ತಡೆಯುವ ಕೆಲಸಕ್ಕೆ ಬರೋಣ. ಬೀಸ್ಲಿ ಮತ್ತು ಹ್ವಾಂಗ್ ಲು-ಯು ಮುಂತಾದವರು ಮೊದಲು ಪ್ರಯತ್ನಿಸಿದ್ದು ಇಮ್ಯುನೊಗ್ಲಾಬ್ಯುಲಿನ್ ಒಂದನ್ನೇ, ಅಂದರೆ ಬೇರೆಯವರ ರಕ್ತದಿಂದ ಬೇರ್ಪಡಿಸಿದ ಸಿದ್ಧ ಪ್ರತಿಕಾಯಗಳನ್ನು. ಅದು ತಕ್ಷಣ ಕೆಲಸ ಮಾಡುತ್ತಿತ್ತು, ಆದರೆ ಕೆಲವು ತಿಂಗಳಲ್ಲಿ ಕರಗಿಹೋಗುತ್ತಿತ್ತು, ಆಮೇಲೆ ತಾಯಿಯ ಮಡಿಲಲ್ಲೇ ಬೆಳೆಯುವ ಮಗು ಮತ್ತೆ ಅಪಾಯಕ್ಕೆ ತೆರೆದುಕೊಳ್ಳುತ್ತಿತ್ತು. ಲಸಿಕೆ ದೇಹಕ್ಕೆ ತಾನೇ ಪ್ರತಿಕಾಯ ತಯಾರಿಸುವುದನ್ನು ಕಲಿಸುತ್ತದೆ, ಆದರೆ ಕಲಿಕೆಗೆ ವಾರಗಳು ಬೇಕು. ಒಂದು ಬೇಗ ಬಂದು ಬೇಗ ಹೋಗುವುದು, ಇನ್ನೊಂದು ತಡವಾಗಿ ಬಂದು ಉಳಿಯುವುದು. ಎರಡನ್ನೂ ಕೂಡಿಸಿದ ಫಲಿತಾಂಶ 1983ರಲ್ಲಿ ಪ್ರಕಟವಾಯಿತು. ಅತ್ಯಧಿಕ ಅಪಾಯದ, ಇ-ಪಾಸಿಟಿವ್ ತಾಯಂದಿರ 159 ಶಿಶುಗಳಿಗೆ ಎರಡನ್ನೂ ಕೊಟ್ಟಾಗ ವಾಹಕರಾದವರು 9 ಮಾತ್ರ, ಶೇ 6ಕ್ಕಿಂತ ಕಡಿಮೆ. ರಕ್ಷಣೆ ಸಿಗದ ಹೋಲಿಕೆಯ ಗುಂಪಿನಲ್ಲಿ ಈ ಪ್ರಮಾಣ ಶೇ 88. ಆ ಎರಡನೆಯ ಗುಂಪಿನ ಮಕ್ಕಳು ಈಗ ನಲವತ್ತು ದಾಟಿದ್ದಾರೆ. ನಾವು ಇಂದು ಯೋಚನೆಯಿಲ್ಲದೆ ಬಳಸುವ ಒಂದು ಅಂಕಿಗೆ ಅವರು ತೆತ್ತ ಬೆಲೆಯನ್ನು ನೆನೆದರೆ ನನಗೆ ಮನಸ್ಸು ಭಾರವಾಗುತ್ತದೆ.

1984ರ ಜುಲೈನಲ್ಲಿ ತೈವಾನ್ ರಾಷ್ಟ್ರವ್ಯಾಪಿ ಕಾರ್ಯಕ್ರಮ ಆರಂಭಿಸಿತು. ಸುಂಗ್ ಜುಯಿ-ಲೋ, ಚೆನ್ ಡಿಂಗ್-ಶಿನ್ ಮೊದಲಾದ ಅಲ್ಲಿನ ವೈದ್ಯರು ವಿಜ್ಞಾನದ ಕಡೆಯಿಂದ, ಸಚಿವ ಲಿ ಕ್ವೊ-ಟಿಂಗ್ ಸರ್ಕಾರದ ಕಡೆಯಿಂದ ಅದಕ್ಕೆ ಹೆಗಲು ಕೊಟ್ಟರು. ಲಸಿಕೆ ಆಗ ದುಬಾರಿ, ವಾಹಕರ ರಕ್ತದಿಂದಲೇ ತಯಾರಾಗುತ್ತಿದ್ದದ್ದು. ಹಾಗಾಗಿ ಮೊದಲ ಎರಡು ವರ್ಷ ವಾಹಕ ತಾಯಂದಿರ ಮಕ್ಕಳಿಗೆ ಮಾತ್ರ ಕೊಟ್ಟು, 1986ರ ಜುಲೈನಿಂದ ಹುಟ್ಟುವ ಎಲ್ಲ ಮಕ್ಕಳಿಗೂ ವಿಸ್ತರಿಸಿದರು. ಮೊದಲ 15 ತಿಂಗಳಲ್ಲಿ ಮೂರೂವರೆ ಲಕ್ಷ ಗರ್ಭಿಣಿಯರ ರಕ್ತ ಪರೀಕ್ಷೆಯಾಯಿತು; ನೂರಕ್ಕೆ 18 ಮಂದಿ ವಾಹಕರು. ಅವರಲ್ಲಿ ಇ-ಆಂಟಿಜೆನ್ ಇದ್ದವರ ಅಥವಾ ಮೇಲ್ಮೈ ಆಂಟಿಜೆನ್ನಿನ ಪ್ರಮಾಣ ಬಹಳ ಹೆಚ್ಚಿದ್ದವರ ಶಿಶುಗಳಿಗೆ ಹುಟ್ಟಿದ 24 ಗಂಟೆಯೊಳಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ. ಕಾರ್ಯಕ್ರಮದ ಜಾಣತನ ಇರುವುದು ಇಲ್ಲಿ. ಲಸಿಕೆ ಎಲ್ಲರಿಗೂ ಸಮ, ಆದರೆ ತಾಯಿಯ ಸ್ಥಿತಿ ನೋಡಿ ಹೆಚ್ಚಿನ ಕಾವಲು. ಇದಕ್ಕಾಗಿ ಬಸುರಿಯ ರಕ್ತ ಹೆರಿಗೆಗೆ ಮೊದಲೇ ಪರೀಕ್ಷೆಯಾಗಿ, ಫಲಿತಾಂಶ ಹೆರಿಗೆಯ ಕೋಣೆಗೆ ಮಗುವಿಗಿಂತ ಮುಂಚೆ ತಲುಪಿರಬೇಕಿತ್ತು.

ತೈಪೆಯ 15 ವರ್ಷದೊಳಗಿನ ಮಕ್ಕಳಲ್ಲಿ ವಾಹಕರ ಪ್ರಮಾಣ 1984ರಲ್ಲಿ ಶೇ 9.8 ಇದ್ದದ್ದು 1994ರಲ್ಲಿ ಶೇ 1.3ಕ್ಕೆ, 1999ರಲ್ಲಿ ಶೇ 0.7ಕ್ಕೆ ಇಳಿಯಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ 1981–86ರ ಅವಧಿಯಲ್ಲಿ ಲಕ್ಷಕ್ಕೆ 0.70 ಇದ್ದದ್ದು 1990–94ರಲ್ಲಿ 0.36 ಆಯಿತು. 1997ರಲ್ಲಿ ಚಾಂಗ್ ಮೇ-ಹ್ವೇ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದಾಗ, ಲಸಿಕೆಯೊಂದು ಮನುಷ್ಯರಲ್ಲಿ ಕ್ಯಾನ್ಸರನ್ನು ತಡೆಯಬಲ್ಲದೆಂಬುದಕ್ಕೆ ಮೊದಲ ನೇರ ಸಾಕ್ಷ್ಯ ಸಿಕ್ಕಿದಂತಾಯಿತು.

ಆದರೆ ಸೊನ್ನೆಯಾಗಲಿಲ್ಲ. ಉಳಿದ ಆ ಮಕ್ಕಳು ಯಾರು ಎಂದು ಕೇಳಿದಾಗ ಮತ್ತೆ ತಾಯಿಯ ಕಡೆಗೇ ಬೆರಳು ಹೋಗುತ್ತದೆ. ತಾಯಂದಿರು ವಾಹಕರಾಗಿದ್ದ 2,356 ಮಕ್ಕಳನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ತೈವಾನಿನ ಅಧ್ಯಯನದಲ್ಲಿ, ಇ-ಪಾಸಿಟಿವ್ ತಾಯಂದಿರ ಮಕ್ಕಳಲ್ಲಿ ಶೇ 9.26ರಷ್ಟು ಮಂದಿಗೆ ಸೋಂಕಿತ್ತು. ಇ-ನೆಗೆಟಿವ್ ತಾಯಂದಿರ ಮಕ್ಕಳಲ್ಲಿ ಶೇ 0.23 ಮಾತ್ರ. ಎರಡರ ನಡುವೆ ನಲವತ್ತು ಪಟ್ಟು ಅಂತರ. ಲಸಿಕೆ ಪಡೆದ ಪೀಳಿಗೆಯಲ್ಲೂ ಯಕೃತ್ತಿನ ಕ್ಯಾನ್ಸರ್ ಬಂದ ಮಕ್ಕಳ ದಾಖಲೆ ತೆಗೆದಾಗ ಎದ್ದು ಕಂಡದ್ದು ಎರಡು: ತಾಯಿ ವಾಹಕಳಾಗಿದ್ದದ್ದು, ಅದರಲ್ಲೂ ಇ-ಆಂಟಿಜೆನ್ ಇದ್ದದ್ದು, ಮತ್ತು ಲಸಿಕೆಯ ಎಲ್ಲ ಡೋಸುಗಳೂ ಆಗದೆ ಉಳಿದದ್ದು. ಕೆಲವು ಮಕ್ಕಳಿಗೆ ಗರ್ಭದಲ್ಲೇ ಸೋಂಕು ತಗುಲಿರುತ್ತದೆ, ಅಂಥವರಿಗೆ ಹುಟ್ಟಿದ ಮೇಲೆ ಏನು ಕೊಟ್ಟರೂ ತಡವೇ. ಇನ್ನು ಕೆಲವರಲ್ಲಿ ವೈರಸ್ಸಿನ ಹೊರೆ ಎಷ್ಟು ದೊಡ್ಡದೆಂದರೆ ಪ್ರತಿಕಾಯಗಳ ಕೈಮೀರಿ ಹೋಗುತ್ತದೆ.

ಆದ್ದರಿಂದ ಮುಂದಿನ ಹೆಜ್ಜೆಯನ್ನು ಮಗುವಿನ ತೊಡೆಯ ಚುಚ್ಚುಮದ್ದಿನಿಂದ ಹಿಂದಕ್ಕೆ, ತಾಯಿಯ ಗರ್ಭಾವಸ್ಥೆಗೆ ಒಯ್ಯಬೇಕಾಯಿತು. ತಾಯಿಯ ವೈರಸ್ ಪ್ರಮಾಣವನ್ನು ಹೆರಿಗೆಗೆ ಮೊದಲೇ ಇಳಿಸಿದರೆ? ತೈವಾನಿನಲ್ಲಿ ಹೆಚ್ಚು ವೈರಸ್ ಹೊರೆಯ ಇ-ಪಾಸಿಟಿವ್ ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳು ವೈರಸ್ ಬೆಳೆಯದಂತೆ ತಡೆಯುವ ಟೆನೊಫೊವಿರ್ ಮಾತ್ರೆ ಕೊಟ್ಟು ನೋಡಿದ, 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ಶಿಶುಗಳಲ್ಲಿ ಸೋಂಕಿದ್ದದ್ದು ಶೇ 1.54ರಷ್ಟು, ಮಾತ್ರೆ ತೆಗೆದುಕೊಳ್ಳದವರ ಮಕ್ಕಳಲ್ಲಿ, ಲಸಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಎರಡೂ ಸಿಕ್ಕಿದ್ದರೂ, ಶೇ 10.71. 2018ರಿಂದ ತೈವಾನಿನ ಆರೋಗ್ಯ ವಿಮೆ ಈ ಮಾತ್ರೆಯ ವೆಚ್ಚ ಭರಿಸುತ್ತಿದೆ. 2019ರಿಂದ ಇ-ಆಂಟಿಜೆನ್ ಇರಲಿ ಬಿಡಲಿ, ವಾಹಕ ತಾಯಂದಿರೆಲ್ಲರ ಶಿಶುಗಳಿಗೂ ಇಮ್ಯುನೊಗ್ಲಾಬ್ಯುಲಿನ್ ಕೊಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2024ರ ಮಾರ್ಗಸೂಚಿ, ವೈರಸ್ ಎಣಿಕೆ ಮಿಲಿಲೀಟರಿಗೆ 2 ಲಕ್ಷ ಘಟಕಗಳನ್ನು ಮುಟ್ಟಿದ ಅಥವಾ ಇ-ಆಂಟಿಜೆನ್ ಇರುವ ಗರ್ಭಿಣಿಯರಿಗೆ ಈ ಔಷಧವನ್ನು ಸೂಚಿಸುತ್ತದೆ. ಆ ಎರಡು ಪರೀಕ್ಷೆಗಳೂ ಸಿಗದ ಕಡೆ ವಾಹಕ ಗರ್ಭಿಣಿಯರೆಲ್ಲರಿಗೂ ಕೊಡಬಹುದೆಂದು ಹೇಳುತ್ತದೆ.

ಭಾರತದಲ್ಲಿ ವಾಹಕರ ಪ್ರಮಾಣವೂ, ವಾಹಕ ಗರ್ಭಿಣಿಯರಲ್ಲಿ ಇ-ಆಂಟಿಜೆನ್ ಇರುವವರ ಪ್ರಮಾಣವೂ ಅಂದಿನ ತೈವಾನಿಗಿಂತ ಕಡಿಮೆ. ಹಾಗೆಂದು ಇಲ್ಲಿ ಹೆರಿಗೆಯ ಹೊತ್ತಿನ ಲೆಕ್ಕ ಬದಲಾಗುವುದಿಲ್ಲ. ನಮ್ಮಲ್ಲಿ ಹೆಪಟೈಟಿಸ್ ಬಿ ಲಸಿಕೆ 2011ರ ಹೊತ್ತಿಗೆ ದೇಶದ ಎಲ್ಲ ರಾಜ್ಯಗಳ ಸಾರ್ವತ್ರಿಕ ಲಸಿಕಾ ಪಟ್ಟಿಗೆ ಸೇರಿತು. ಈಗ ಹುಟ್ಟಿದ 24 ಗಂಟೆಯೊಳಗೆ ಒಂದು, ಆಮೇಲೆ ಆರು, ಹತ್ತು, ಹದಿನಾಲ್ಕು ವಾರಕ್ಕೆ ಪೆಂಟಾವೇಲೆಂಟ್ ಎಂಬ ಐದು ರೋಗಗಳ ಲಸಿಕೆಯೊಳಗೆ ಮೂರು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ವಾಹಕ ತಾಯಂದಿರ ಶಿಶುಗಳಿಗೆ ಇಮ್ಯುನೊಗ್ಲಾಬ್ಯುಲಿನ್ ಉಚಿತವಾಗಿ ಸಿಗಬೇಕು. ಆರು ವಾರಕ್ಕೆ ಕೊಡುವ ಲಸಿಕೆ ಮನೆಯವರಿಂದ, ನೆರೆಹೊರೆಯಿಂದ ಬರುವ ಸೋಂಕನ್ನು ತಡೆಯುತ್ತದೆ. ತಾಯಿಯಿಂದ ಬರುವುದನ್ನು ತಡೆಯುವುದು ಮೊದಲ ದಿನದ್ದು ಮಾತ್ರ. ರಾತ್ರಿ ಹೆರಿಗೆಯಾಯಿತು, ನಾಳೆ ಭಾನುವಾರ, ಸೋಮವಾರ ಹಾಕೋಣ ಎಂದರೆ ತೈಪೆಯಲ್ಲಿ ಕಂಡುಕೊಂಡ ಆ ಬಿಡುವು ಮುಗಿದಿರುತ್ತದೆ.

ಒಂದು ತಾಯಿ ಕಾರ್ಡನ್ನು ಹತ್ತಿರದಿಂದ ನೋಡೋಣ. ಅಂಚು ಮೆತ್ತಗಾಗಿ ಮಡಿಕೆಯಲ್ಲಿ ಸವೆದ ಕಾರ್ಡು, ಒಳಗೆ ಹಿಮೋಗ್ಲೋಬಿನ್, ರಕ್ತದ ಗುಂಪು, ಎಚ್‌ಐವಿ, ಅದರ ಪಕ್ಕದಲ್ಲೇ ಹೆಪಟೈಟಿಸ್ ಬಿ. ಬಸುರಿ ಮೊದಲ ತಿಂಗಳುಗಳನ್ನು ಗಂಡನ ಊರಿನಲ್ಲಿ ಕಳೆದು, ಏಳನೆಯ ತಿಂಗಳಿಗೆ ಸೀಮಂತ ಮುಗಿಸಿಕೊಂಡು ತವರಿಗೆ ಹೋಗುತ್ತಾಳೆ. ಪರೀಕ್ಷೆ ಒಂದು ತಾಲ್ಲೂಕಿನಲ್ಲಿ, ಹೆರಿಗೆ ಇನ್ನೊಂದು ತಾಲ್ಲೂಕಿನಲ್ಲಿ. ಆ ಒಂದು ಸಾಲಿನಲ್ಲಿ ಫಲಿತಾಂಶ ಬರೆಯದೆ ಖಾಲಿ ಬಿಟ್ಟಿದ್ದರೆ, ಅಥವಾ ಕಾರ್ಡನ್ನೇ ಗಂಡನ ಮನೆಯ ಕಪಾಟಿನಲ್ಲಿ ಮರೆತು ಬಂದಿದ್ದರೆ, ಹೆರಿಗೆ ಮಾಡಿಸುವ ನರ್ಸಿಗೆ ಎದುರಿಗಿರುವ ತಾಯಿಯ ಸ್ಥಿತಿ ಗೊತ್ತಾಗುವ ದಾರಿಯಿಲ್ಲ. ಫಲಿತಾಂಶ ಬರೆದಿದ್ದರೂ ಅತ್ತೆಗೆ ಗೊತ್ತಾದೀತೆಂಬ ಹೆದರಿಕೆಯಿಂದ ಆ ಪುಟವನ್ನು ಮುಚ್ಚಿಡುವ ಹೆಣ್ಣುಮಕ್ಕಳಿದ್ದಾರೆ. ಈ ಸೋಂಕು ಲೈಂಗಿಕ ಸಂಪರ್ಕದಿಂದಲೂ ಹರಡುತ್ತದೆ ಎಂಬ ಅರೆ ತಿಳಿವಳಿಕೆ ಮನೆಯಲ್ಲಿ ಅನುಮಾನವಾಗಿ ಬೆಳೆಯುತ್ತದೆ. ಅವಳಿಗೆ ಅದು ಬಂದಿರಬಹುದಾದದ್ದು ಅವಳು ಹುಟ್ಟಿದ ದಿನ, ಅವಳ ತಾಯಿಯಿಂದ. ಅದಕ್ಕೆ ಅವಳ ನಡತೆಯೊಂದಿಗೆ ಯಾವ ಸಂಬಂಧವೂ ಇಲ್ಲ ಎಂದು ಗಂಡನನ್ನೂ ಅತ್ತೆಯನ್ನೂ ಎದುರು ಕೂರಿಸಿಕೊಂಡು ಹೇಳುವುದು ವೈದ್ಯರ ಕೆಲಸದ ಭಾಗವೆಂದೇ ನಾನು ತಿಳಿದಿದ್ದೇನೆ.

“ಇದು ನನ್ನಿಂದಲೇ ಬಂತಾ” ಎಂದು ಕೇಳುವ ತಾಯಿಗೆ ಈಗ ನಾನು ಹೌದು ಎಂದೇ ಹೇಳುತ್ತೇನೆ, ಆದರೆ ಅಲ್ಲಿಗೆ ನಿಲ್ಲಿಸುವುದಿಲ್ಲ. ನಿಮಗೂ ಹೀಗೆಯೇ ಬಂದಿರಬಹುದು, ಆಗ ಲಸಿಕೆ ಇರಲಿಲ್ಲ ಎನ್ನುತ್ತೇನೆ. ಅವಳ ಇ-ಆಂಟಿಜೆನ್ ಮತ್ತು ವೈರಸ್ ಎಣಿಕೆ ಮಾಡಿಸುತ್ತೇನೆ, ಅವಳಿಗೇ ಚಿಕಿತ್ಸೆಯ ಅಗತ್ಯವಿದೆಯೇ ಎಂದು ನೋಡಬೇಕಾದ್ದು ಮೊದಲು. ಅವಳ ಉಳಿದ ಮಕ್ಕಳು, ಗಂಡ, ಒಡಹುಟ್ಟಿದವರು, ಬದುಕಿದ್ದರೆ ಅವಳ ತಾಯಿ, ಎಲ್ಲರೂ ಪರೀಕ್ಷೆಗೆ ಬರಬೇಕು. ಸೋಂಕಿರುವ ಮಗುವಿಗೆ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ನಿಯಮಿತ ಸ್ಕ್ಯಾನ್. ಎನ್‌ಜೈಮುಗಳು ಏರಿ ಸಹಿಷ್ಣುತೆಯ ಹಂತ ಮುಗಿಯುವ ಸೂಚನೆ ಕಂಡಾಗ ಔಷಧದ ವಿಚಾರ. ಶಾಲೆ ಬಿಡಿಸುವುದು, ತಟ್ಟೆ ಲೋಟ ಬೇರೆ ಇಡುವುದು ಬೇಡವೇ ಬೇಡ. ಮುಂದೆ ಇನ್ನೊಂದು ಮಗುವಾದರೆ ಹುಟ್ಟಿದ ಹನ್ನೆರಡು ಗಂಟೆಯೊಳಗೆ ಒಂದು ತೊಡೆಗೆ ಲಸಿಕೆ, ಇನ್ನೊಂದು ತೊಡೆಗೆ ಇಮ್ಯುನೊಗ್ಲಾಬ್ಯುಲಿನ್, ಆಮೇಲೆ ಉಳಿದ ಡೋಸುಗಳು. ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಮಗುವಿನ ರಕ್ತ ಪರೀಕ್ಷೆ. ಅದಕ್ಕಿಂತ ಮೊದಲು ನೋಡಿದರೆ ಹುಟ್ಟಿದಾಗ ಕೊಟ್ಟ ಇಮ್ಯುನೊಗ್ಲಾಬ್ಯುಲಿನ್ನೇ ಲೆಕ್ಕ ತಪ್ಪಿಸಬಹುದು.

ತೈವಾನಿನಲ್ಲಿ 1984ರ ಜುಲೈ ನಂತರ ಹುಟ್ಟಿ ಲಸಿಕೆ ಪಡೆದ ಹೆಣ್ಣುಮಕ್ಕಳು ಈಗ ತಾವೇ ತಾಯಂದಿರಾಗಿದ್ದಾರೆ. ಅವರ ಪೀಳಿಗೆಯ ಗರ್ಭಿಣಿಯರಲ್ಲಿ ವಾಹಕರ ಪ್ರಮಾಣ ಅವರ ತಾಯಂದಿರ ಕಾಲದ್ದಕ್ಕೆ ಹೋಲಿಸಿದರೆ ತೀರ ಇಳಿದುಹೋಗಿದೆ, ಇ-ಆಂಟಿಜೆನ್ ಇರುವವರೂ ಅದರ ಜೊತೆಗೇ ಕಡಿಮೆಯಾಗಿದ್ದಾರೆ. ನಮ್ಮಲ್ಲಿ 2011ರ ಆಸುಪಾಸಿನಲ್ಲಿ ಹುಟ್ಟಿದ ದಿನವೇ ಲಸಿಕೆ ಹಾಕಿಸಿಕೊಂಡ ಹೆಣ್ಣುಮಕ್ಕಳು ಈಗ ಹೈಸ್ಕೂಲಿನಲ್ಲಿ ಓದುತ್ತಿದ್ದಾರೆ.